ಅರ್ಜಿಯಲ್ಲಿ ಅಂಗಡಿಯವರ ಇ–ಮೇಲ್ ಬೇಡ

ಮಾನ್ಯರೆ,

ದ್ವಿತೀಯ ಪಿಯು ಫಲಿತಾಂಶ ಬಂದಿದೆ, ಅರ್ಜಿ ಹಾಕುವ ಕಾಲ ಶುರುವಾಗಿದೆ. ಅರಸೀಕೆರೆಯಲ್ಲಿ ನಾನೊಂದು ಸಣ್ಣ ಸೈಬರ್ ಸೆಂಟರ್ ನಡೆಸುತ್ತೇನೆ. ಸಿಇಟಿ, ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ, ಪಹಣಿ, ಜೆರಾಕ್ಸ್ ಎಲ್ಲಾ ಇಲ್ಲೇ ಆಗಬೇಕು. ಬರುವ ಮಕ್ಕಳಲ್ಲಿ ಹೆಚ್ಚಿನವರ ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಫೋನಿದೆ. ರೀಲ್ಸ್ ಮಾಡುವುದರಲ್ಲಿ ಪಳಗಿದವರು. ಆದರೆ ಅರ್ಜಿಯಲ್ಲಿ ಇ–ಮೇಲ್ ಕೇಳುವ ಜಾಗ ಬಂದರೆ ಒಂದೇ ಮಾತು: ‘ಅಣ್ಣಾ, ನಿಮ್ದೇ ಹಾಕ್ಬಿಡಿ.’

ಹಾಗೆ ಹಾಕಿಸಬೇಡಿ ಅಂತ ಹೇಳುವುದಕ್ಕೇ ಈ ಪತ್ರ.

ಅಂಗಡಿಯವರ ಮೇಲ್ ಹಾಕಿದರೆ ಆ ಹೊತ್ತಿಗೆ ಕೆಲಸ ಮುಗಿಯುತ್ತದೆ, ನಿಜ. ಆದರೆ ಮುಂದೆ ಪಾಸ್‌ವರ್ಡ್ ಮರೆತರೆ ಲಿಂಕ್ ಬರುವುದು ಅಂಗಡಿಗೆ. ದಾಖಲೆ ಪರಿಶೀಲನೆಗೆ ಕರೆದರೆ ಆ ಸುದ್ದಿಯೂ ಅಂಗಡಿಗೇ. ರಾಶಿ ಮೇಲ್‌ಗಳ ನಡುವೆ ಯಾರದ್ದು ಯಾವುದು ಅಂತ ಯಾರು ನೋಡುತ್ತಾ ಕೂರುತ್ತಾರೆ? ಹೋದ ವರ್ಷ ಒಬ್ಬ ಹುಡುಗಿ ಅವರಪ್ಪನ ಜೊತೆ ಬಂದಿದ್ದಳು. ನರ್ಸಿಂಗ್ ಸೀಟಿಗೆ ಬೇರೆ ಊರಿನ ಅಂಗಡಿಯೊಂದರಲ್ಲಿ ಅರ್ಜಿ ಹಾಕಿಸಿದ್ದರು. ಆ ಅಂಗಡಿ ಮುಚ್ಚಿ, ಮಾಲೀಕ ಬೆಂಗಳೂರು ಸೇರಿದ್ದ. ಅವನನ್ನು ಹುಡುಕಿ ಮೇಲ್ ತೆಗೆಸಿ ನೋಡುವಷ್ಟರಲ್ಲಿ ಕರೆದ ದಿನ ದಾಟಿಹೋಗಿತ್ತು. ‘ಪೋಸ್ಟಲ್ಲಿ ಕಾಗದ ಬರುತ್ತೆ ಅಂದ್ಕೊಂಡಿದ್ದೆ ಕಣಪ್ಪ’ ಅಂದರು ಅವರಪ್ಪ.

ಜಿಮೇಲ್ ಮಾಡಿಕೊಳ್ಳಲು ದುಡ್ಡು ಬೇಡ. ನಿಮ್ಮದೇ ಫೋನಿನಲ್ಲಿ, ನಿಮ್ಮದೇ ನಂಬರಿಗೆ ಮಾಡಿ. ಹೆಸರು ಸರಳವಾಗಿರಲಿ. ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಜಿಮೇಲಿಗೆ ಒಂದೇ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಪಾಸ್‌ವರ್ಡ್‌ಗೆ ಹುಟ್ಟಿದ ದಿನಾಂಕ, ಫೋನ್ ನಂಬರ್ ಬೇಡ. ‘ಮರೆತುಹೋಗುತ್ತೆ, ನಿಮ್ಮ ಹತ್ರಾನೇ ಬರ್ದಿಟ್ಕೊಳ್ಳಿ ಅಣ್ಣಾ’ ಅನ್ನುವವರೂ ಇದ್ದಾರೆ. ನಾನು ಬರೆದಿಟ್ಟುಕೊಳ್ಳುವುದಿಲ್ಲ. ಬೇಕಿದ್ದರೆ ಮನೆಯ ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ, ಏನೂ ತಪ್ಪಿಲ್ಲ. ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಫೋನಿನಲ್ಲೂ ಖಚಿತಪಡಿಸಲು ಕೇಳುವ ವ್ಯವಸ್ಥೆ) ಆನ್ ಮಾಡಿದವರಿಗೆ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ. ಒಂದೊಂದೂ ಎಂಟು ಅಂಕಿಯದ್ದು. ಅದರ ಪ್ರಿಂಟ್ ತೆಗೆದು ರೇಷನ್ ಕಾರ್ಡಿನ ಜೊತೆ ಇಡಿ. ಫೋನ್ ಕಳೆದುಹೋದ ದಿನ ಬೇಕಾಗುತ್ತದೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ. ಆಫರ್ ಮುಗಿಯಿತು ಅಂತ ಸಿಮ್ ಬಿಸಾಕಿ ಹೊಸದು ತಗೊಳ್ಳುತ್ತಾರೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಹೋಗುವುದು ಯಾರೋ ಗುರುತಿಲ್ಲದವರಿಗೆ. ಹಾಗಾಗಿ ನಂಬರ್ ಬಿಡುವ ಮೊದಲೇ ಮೇಲ್, ಬ್ಯಾಂಕ್, ಆಧಾರ್ ಎಲ್ಲ ಕಡೆ ಬದಲಾಯಿಸಿ. ಮಾಡಿದ ಮೇಲನ್ನು ಆಗಾಗ ತೆರೆಯುತ್ತಲೂ ಇರಬೇಕು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರು ಮಾಡಿದೆ.

ಈಗ ನಮ್ಮಂಥವರ ಅಂಗಡಿಯ ಮಾತು. ಪ್ರಿಂಟ್ ಬೇಕೆಂದು ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲವನ್ನೂ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೀರಿ. ಪ್ರಿಂಟ್ ತಗೊಂಡು ಹೊರಟುಬಿಡುತ್ತೀರಿ. ನಿಮ್ಮ ಕಾಗದ ನಮ್ಮ ಹತ್ತಿರವೇ ಉಳಿಯುತ್ತದಲ್ವಾ? ಹೊರಡುವ ಮೊದಲು ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿ. ಅಷ್ಟೇ ಸಾಲದು, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಿಂದ, ರೀಸೈಕಲ್ ಬಿನ್‌ನಿಂದಲೂ ತೆಗೆಸಿ. ಕೇಳಲು ಸಂಕೋಚ ಯಾಕೆ? ಒಳ್ಳೆಯ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಗುರುತಿಗೆ ಮಾತ್ರ ಆಧಾರ್ ಕೇಳುವ ಎಷ್ಟೋ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆದಿದ್ದರೆ, ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ನೋಡಿ ಲಾಗ್ ಔಟ್ ಮಾಡಿ. ಒಬ್ಬರು ಹಾಗೇ ಬಿಟ್ಟುಹೋಗಿ, ಅವರ ಮನೆ ಗ್ರೂಪಿನ ಜಗಳವೆಲ್ಲ ನನ್ನ ಪರದೆಯ ಮೇಲೆ ಬರುತ್ತಿತ್ತು. ನಾನೇ ಫೋನ್ ಮಾಡಿ ತೆಗೆಸಿದೆ.

ಫಲಿತಾಂಶದ ದಿನ ಅಂಕಪಟ್ಟಿಯನ್ನು ಸ್ಟೇಟಸ್‌ಗೆ ಹಾಕುವುದು ಈಗ ಎಲ್ಲ ಮನೆಯಲ್ಲೂ ಇದೆ. ಮಗಳು ಇಷ್ಟು ಪರ್ಸೆಂಟ್ ತೆಗೆದಳು ಅಂತ ಹಾಕಿ, ಸಂತೋಷ. ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಊರಿಗೆಲ್ಲ ಯಾಕೆ?

ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲಿನ ಹೆಸರು ‘ಎಪಿಕೆ’ (.apk) ಅಂತ ಮುಗಿದಿದ್ದರೆ ಅದು ಫೋನಿಗೆ ಆ್ಯಪ್ ಹಾಕುವ ಫೈಲು, ಕಳಿಸಿದವರು ಸೋದರಮಾವನೇ ಆಗಿದ್ದರೂ ತೆರೆಯಬೇಡಿ. ಅವರ ಫೋನೂ ಕಳ್ಳರ ಕೈಗೆ ಸಿಕ್ಕಿರಬಹುದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ.

ಪಿಯು ಕಾಲೇಜಿನವರಲ್ಲಿ ಒಂದು ಕೋರಿಕೆ. ಪ್ರಥಮ ಪಿಯುಗೆ ಸೇರಿದ ಮೊದಲ ವಾರವೇ ಒಂದು ಪೀರಿಯಡ್ ಇದಕ್ಕೆ ಕೊಡಿ. ಮಕ್ಕಳಿಂದಲೇ ಮೇಲ್ ಮಾಡಿಸಿ, ಒಬ್ಬರಿಂದ ಒಬ್ಬರಿಗೆ ಒಂದು ರಜಾ ಅರ್ಜಿ ಕಳಿಸಲು ಹೇಳಿ. ನನ್ನ ಹಾಗೆ ಅಂಗಡಿ ಇಟ್ಟವರಲ್ಲೂ ಕೇಳುತ್ತೇನೆ: ಎಷ್ಟೇ ರಶ್ ಇದ್ದರೂ ನಮ್ಮ ಮೇಲ್ ಹಾಕುವುದು ಬೇಡ. ಮೇಲ್ ಇಲ್ಲದವರನ್ನು ಬೆಂಚಿನ ಮೇಲೆ ಕೂರಿಸಿ, ಅವರ ಕೈಯಲ್ಲೇ ಮಾಡಿಸಿ, ಆಮೇಲೆ ಅರ್ಜಿ ತೆರೆಯೋಣ.

– ಸೈಬರ್ ಸೆಂಟರ್ ಮಾಲೀಕ, ಅರಸೀಕೆರೆ