ಪೆನ್ಸಿಲಿನಲ್ಲಿ ಬರೆದ ಪ್ರಶ್ನೆ

ಧಾರವಾಡ
ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ

ಪ್ರಿಯ ವಿದ್ಯಾರ್ಥಿನಿಗೆ ಆಶೀರ್ವಾದಗಳು.

ಬ್ಯಾಡಗಿಯಿಂದ ನೀವು ಕಳಿಸಿದ ಲಕೋಟೆ ಕೈಸೇರಿ ಹದಿನೈದು ದಿನಗಳಾದವು. ಉತ್ತರ ತಡವಾದುದಕ್ಕೆ ನನ್ನ ಕಣ್ಣಿನ ಪೊರೆ ಒಂದು ಕಾರಣ. ನಿಮ್ಮ ಬರಹ ಓದಿದ ಮೇಲೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಕಪಾಟಿನಿಂದ ತೆಗೆದು ಮತ್ತೊಮ್ಮೆ ಓದದೆ ಉತ್ತರಿಸುವುದು ಸರಿಯಲ್ಲವೆನಿಸಿದ್ದು ಇನ್ನೊಂದು ಕಾರಣ. ಪುಸ್ತಕ ಚಿಕ್ಕದು, ನನಗೆ ಮೂರು ಮುಂಜಾನೆಗಳು ಹಿಡಿದವು.

ತರಗತಿಗಾಗಿ ಓದಿದ ಕಾದಂಬರಿಯ ಬಗ್ಗೆ ಬರೆದ ಈ ಎಂಟು ಹಾಳೆಗಳನ್ನು ಪತ್ರಿಕೆಗೆ ಕಳಿಸಬಹುದೇ ಎಂದು ಕೇಳಿದ್ದೀರಿ. ಈಗಿರುವಂತೆ ಕಳಿಸಬೇಡಿ. ಹೀಗೆ ಮೊದಲ ಮಾತಿನಲ್ಲೇ ಬೇಡವೆಂದು ಹೇಳುವುದು ಕಠಿಣವೆನಿಸಬಹುದು, ಆದರೆ ಐದನೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದು, ಮೇಲೆ ಒಂದು ಅಡ್ಡಗೆರೆ ಎಳೆದಿರುವ ಸಾಲು ನನ್ನ ಕಣ್ಣಿಗೆ ಬೀಳದೆ ಹೋಗಿದ್ದರೆ ನಾನು ಇಷ್ಟು ನೇರವಾಗಿ ಬರೆಯುತ್ತಿರಲಿಲ್ಲ, ಬಹುಶಃ ನಾಲ್ಕು ಹಿತವಾದ ಮಾತು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆ ಸಾಲು ಹೀಗಿದೆ: “ಎತ್ತು ಮಾರಿ ಸಾಲ ಯಾಕ ಹರಕೊಳ್ಳಲಿಲ್ಲ ಅಂವಾ? (ಇದನ್ನ ಬರಿಯೂದು ಬ್ಯಾಡ)”.

ಬರೆಯಬೇಕಾದದ್ದು ಅದನ್ನೇ.

ನೀಲಿ ಶಾಯಿಯ ನಿಮ್ಮ ಎಂಟು ಹಾಳೆಗಳಲ್ಲಿ ತಪ್ಪುಗಳು ಕಡಿಮೆ, ಅಕ್ಷರ ದುಂಡಾಗಿದೆ, ಪರೀಕ್ಷೆಯಲ್ಲಾದರೆ ಹತ್ತಕ್ಕೆ ಎಂಟು ಅಂಕ ಬಂದೀತು. ಆದರೆ “ಈ ಕೃತಿಯು ಶೋಷಿತ ಸಮುದಾಯದ ಬವಣೆಯನ್ನು ಮನೋಜ್ಞವಾಗಿ ಚಿತ್ರಿಸುತ್ತದೆ” ಎಂಬಂಥ ವಾಕ್ಯ ಯಾವ ಎತ್ತಿಗೆ ಹೊದಿಸಿದರೂ ಕೂಡುವ ಜೂಲದಂತಿದೆ. ಅದನ್ನು ನೀವು ಬರೆಯುವ ಮೊದಲೇ ಯಾರೋ ಬರೆದಿದ್ದರು, ಅವರಿಗಿಂತ ಮೊದಲು ಗೈಡಿನವರು ಬರೆದಿದ್ದರು. “ಇಂದು ಪರಿಸ್ಥಿತಿ ಸಾಕಷ್ಟು ಬದಲಾಗಿದೆ” ಎಂದು ಮುಗಿಸಿರುವುದೂ ಅದೇ ಅಂಗಡಿಯ ಸರಕು. ನಿಮ್ಮನ್ನು ದೂರುತ್ತಿಲ್ಲ, ಹತ್ತು ಅಂಕದ ಉತ್ತರಕ್ಕೆ ಒಂದು ಮುಕ್ತಾಯ ಬೇಕೇ ಬೇಕು ಎಂದು ನಮ್ಮ ತರಗತಿಗಳು ಎಷ್ಟೋ ವರ್ಷಗಳಿಂದ ಕಲಿಸಿಕೊಂಡು ಬಂದಿವೆ.

ಆ ಪೆನ್ಸಿಲಿನ ಪ್ರಶ್ನೆ ಮಾತ್ರ ನಿಮ್ಮ ಊರಿನದು, ನಿಮ್ಮ ಮನೆಯದು. ಸಾಲದ ಲೆಕ್ಕ ಗೊತ್ತಿರುವ ಮನೆಯಲ್ಲಿ ಬೆಳೆದವರೇ ಅದನ್ನು ಕೇಳಬಲ್ಲರು. ಜೀತದಾಳು ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ಉಳಲು ಅಂಗೈಯಗಲ ಭೂಮಿಯಿಲ್ಲ. ಎಂದೋ ಮಾಡಿದ ಸಾಲಕ್ಕಾಗಿ ಕಾಫಿ ತೋಟದವರು ಬಂದು ಕೇಳಿದಾಗ ಅವನು ತನ್ನ ಮಕ್ಕಳಾದ ಚನಿಯ ಮತ್ತು ಗುರುವರನ್ನು ತೋಟಕ್ಕೆ ಕಳಿಸುತ್ತಾನೆ. ಚನಿಯ ಜ್ವರ ಹತ್ತಿ ತಿರುಗಿ ಬಂದು ಸಾಯುತ್ತಾನೆ, ಗುರುವ ಅಲ್ಲಿಯೇ ಒಬ್ಬಳನ್ನು ಮೆಚ್ಚಿ ಅವಳ ಧರ್ಮಕ್ಕೆ ಸೇರುತ್ತಾನೆ, ಕೊನೆಗೆ ಮಗಳು ಬೆಳ್ಳಿಯೂ ತೋಟದ ದಾರಿ ಹಿಡಿಯಬೇಕಾಗುತ್ತದೆ. ಎತ್ತುಗಳು ಮಾತ್ರ ಗುಡಿಸಿಲ ಬಳಿಯೇ ಇರುತ್ತವೆ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ್ದರೆ ಮಗ ಉಳಿಯುತ್ತಿದ್ದನಲ್ಲ ಎಂದು ನಿಮಗೆ ಸಿಟ್ಟು ಬಂದಿದೆ. ಆ ಸಿಟ್ಟು ನಿಮ್ಮ ಓದಿನ ಅತ್ಯಂತ ನಿಜವಾದ ಕ್ಷಣ. ಅದನ್ನು ನೀವು ಹಾಳೆಯ ಹಿಂಬದಿಗೆ ತಳ್ಳಿ, ಗೆರೆ ಎಳೆದು, ಕಂಸದೊಳಗೆ ಕೂಡಿಹಾಕಿದ್ದೀರಿ.

ಈಗ ಪುಸ್ತಕಕ್ಕೆ ಹಿಂದಿರುಗಿ, ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ. ನನಗೆ ಈ ಸಲ ಕಂಡದ್ದನ್ನು ಹೇಳುತ್ತೇನೆ, ಒಪ್ಪಬೇಕೆಂದಿಲ್ಲ. ನಿಮ್ಮ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆಯಿದೆ: ಚೋಮನ ತೊಂದರೆ ದುಡ್ಡಿನದು, ದುಡ್ಡು ಬಂದರೆ ಪರಿಹಾರವಾಗುತ್ತದೆ ಎಂಬುದು. ನಮ್ಮ ಕಡೆ ಅದು ಸಹಜವಾದ ಯೋಚನೆ. ಹೊಲವಿಲ್ಲದವನು ಎತ್ತು ಕಟ್ಟಿದರೆ ಯಾರದೋ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುತ್ತಾನೆ, ಪಾಲಿಗೆ ಮಾಡುತ್ತಾನೆ, ಅದೂ ಆಗದಿದ್ದರೆ ಬಾಡಿಗೆಗೆ ಗಳೆ ಹೊಡೆಯುತ್ತಾನೆ. ಕಥೆ ನಡೆಯುವ ತುಳುನಾಡಿನಲ್ಲಿಯೂ ಭೂಮಿ ಹಿಡಿಯಲು ಮೂಲಗೇಣಿ (ಕಾಯಮ್ಮಿನ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಎಂಬ ದಾರಿಗಳಿದ್ದವು. ಚೋಮ ಕೇಳುವುದೂ ಅದನ್ನೇ. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಮೆತ್ತಗಾದರೂ ಮನೆಯೊಳಗೆ ತಾಯಿ ಒಪ್ಪುವುದಿಲ್ಲ, ಏಕೆಂದರೆ ಹೊಲೆಯನೊಬ್ಬ ಒಕ್ಕಲಾಗುವುದು ಆ ಊರಿನ ಕಟ್ಟಳೆಗೆ ಹೊರತು. ಎತ್ತು ಮಾರಿದ್ದರೆ ಸಾಲ ತೀರುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ತಾನೂ ಒಂದು ದಿನ ಒಕ್ಕಲಿಗನಾಗುತ್ತೇನೆ ಎಂಬ ಮಾತಿಗೆ ಅವನ ಬಳಿ ಇರುವ ಏಕೈಕ ಸಾಕ್ಷಿ ಆ ಎತ್ತುಗಳು. ಅವನ್ನು ಮಾರುವುದೆಂದರೆ ತಾನು ಸಾಯುವವರೆಗೂ ಜೀತದಾಳು ಎಂದು ತಾನೇ ಒಪ್ಪಿ ಹೆಬ್ಬೆಟ್ಟು ಒತ್ತಿದಂತೆ. ಒಬ್ಬ ತಂದೆ ಮಕ್ಕಳಿಗಿಂತ ಎತ್ತನ್ನು ಹೆಚ್ಚಿಗೆ ಕಂಡನೇ ಎಂಬ ನಿಮ್ಮ ಅಸಮಾಧಾನ ಇದರಿಂದ ಪೂರ್ತಿ ಹೋಗುವುದಿಲ್ಲ. ನನಗೂ ಹೋಗಿಲ್ಲ. ಹೋಗದಿರುವುದನ್ನು ಹಾಗೆಯೇ ಬರೆಯಿರಿ.

“ಪರಿಸ್ಥಿತಿ ಬದಲಾಗಿದೆ” ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಗಾಂಧೀಜಿಯವರ ‘ಹರಿಜನ’ ಪತ್ರಿಕೆ ಆರಂಭವಾದ ವರ್ಷವೂ ಅದೇ, ಕಾರಂತರಿಗೆ ಆಗ ಮೂವತ್ತು ದಾಟಿತ್ತಷ್ಟೆ. ನಲವತ್ತೊಂದು ವರ್ಷಗಳ ನಂತರ, 1974ರಲ್ಲಿ, ನಮ್ಮ ರಾಜ್ಯದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನಾಗುವ ಮಾತು ಊರೂರಿನಲ್ಲಿ ಕೇಳಿಬಂತು. ಆ ಕಾನೂನು ಮುಖ್ಯವಾಗಿ ಭೂಮಿ ಕೊಡಿಸಿದ್ದು ಗೇಣಿ ಮಾಡುತ್ತಿದ್ದವನಿಗೆ. ಗೇಣಿಯನ್ನೇ ಕೊಡಲಾರೆವೆಂದು ಅಂಗಳದಿಂದ ತಿರುಗಿ ಕಳಿಸಲ್ಪಟ್ಟ ಚೋಮ 1974ರವರೆಗೆ ಬದುಕಿದ್ದರೆ ಯಾವ ಅರ್ಜಿಯಲ್ಲಿ ಏನೆಂದು ತುಂಬುತ್ತಿದ್ದ? ಜೀತಪದ್ಧತಿಯನ್ನು ರದ್ದು ಮಾಡಿದ ಕಾಯಿದೆ 1976ರದು. ಈ ಎರಡು ಇಸವಿಗಳನ್ನು ನೀವು ಕೊನೆಯ ಪ್ಯಾರಾದಲ್ಲಿ ಸಾಧನೆಯ ಪಟ್ಟಿಯಂತೆ ಇಟ್ಟಿದ್ದೀರಿ. ಅವನ್ನು ಚೋಮನ ಎತ್ತುಗಳ ಪಕ್ಕಕ್ಕೆ ತಂದು ನಿಲ್ಲಿಸಿ ನೋಡಿ.

ನಿಮ್ಮ ಬರಹದ ಮೂರನೆಯ ಹಾಳೆಯ ಬಗ್ಗೆ ಒಂದು ಮಾತು. ಅಲ್ಲಿ ಚೋಮನ ಮುಖ, ಹಣೆಯ ಸುಕ್ಕು, ಗುಳಿಬಿದ್ದ ಕಣ್ಣು ಎಲ್ಲವನ್ನೂ ವರ್ಣಿಸಿದ್ದೀರಿ. ಅದನ್ನು ಓದುತ್ತಿದ್ದಂತೆ ನನ್ನ ಕಣ್ಣೆದುರು ಬಂದದ್ದು ಎಂ. ವಿ. ವಾಸುದೇವರಾವ್ ಅವರ ಮುಖ. ಬಿ. ವಿ. ಕಾರಂತರು 1975ರಲ್ಲಿ ತೆಗೆದ ಚಲನಚಿತ್ರದಲ್ಲಿ ಚೋಮನಾದವರು ಅವರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನೀವು ಅದನ್ನು ಮೊಬೈಲಿನಲ್ಲಿ ನೋಡಿದ್ದೀರಿ ಎಂದು ನನ್ನ ಗುಮಾನಿ. ನೋಡಿದ್ದು ತಪ್ಪಲ್ಲ, ನೋಡಿದೆನೆಂದು ಹೇಳದಿರುವುದು ತಪ್ಪು.

ಇದನ್ನು ನಾನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ಆ ಚಿತ್ರ ಬಂದ ಹೊಸತರಲ್ಲಿ ನಾನು ಇಲ್ಲಿ ಎಂ.ಎ. ಓದುತ್ತಿದ್ದೆ. ಹುಬ್ಬಳ್ಳಿಗೆ ಹೋಗಿ ಚಿತ್ರ ನೋಡಿಕೊಂಡು ಬಂದು, ಅದೇ ವಾರ ಕಾದಂಬರಿಯ ಬಗ್ಗೆ ಒಂದು ಲೇಖನ ಬರೆದೆ, ಅದು ಅಚ್ಚೂ ಆಯಿತು. ಅಚ್ಚಾದ ಸಂಭ್ರಮದಲ್ಲಿದ್ದಾಗ ಗದಗಿನಿಂದ ಒಂದು ಪೋಸ್ಟ್ ಕಾರ್ಡ್ ಬಂತು. ವಿಳಾಸ ಬಿಟ್ಟರೆ ಕಾರ್ಡಿನ ತುಂಬ ಇದ್ದದ್ದು ಮೂರೇ ಶಬ್ದ: “ಯಾವ ಪುಟದಲ್ಲಿದೆ, ದಯವಿಟ್ಟು?” ಕೆಳಗೆ ನನ್ನದೇ ಲೇಖನದಿಂದ ಕತ್ತರಿಸಿ ಅಂಟಿಸಿದ ಎರಡು ಸಾಲು. ನಾನು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹುಡುಕಿದೆ. ಆ ದೃಶ್ಯ ಯಾವ ಪುಟದಲ್ಲಿಯೂ ಇರಲಿಲ್ಲ, ಚಿತ್ರಮಂದಿರದ ತೆರೆಯ ಮೇಲೆ ಇತ್ತು. ಕಾರ್ಡಿಗೆ ಉತ್ತರ ಬರೆಯುವ ಧೈರ್ಯ ನನಗಾಗಲಿಲ್ಲ, ಅದು ಇನ್ನೊಂದು ನಾಚಿಕೆ. ಅಂದಿನಿಂದ ಯಾವ ಪುಸ್ತಕದ ಬಗ್ಗೆ ಬರೆದರೂ ಕರಡಿನ ಅಂಚಿನಲ್ಲಿ ಪ್ರತಿಯೊಂದು ಮಾತಿನ ಎದುರಿಗೆ ಪುಟದ ಸಂಖ್ಯೆ ಹಾಕಿಕೊಳ್ಳುತ್ತೇನೆ. ಸಂಖ್ಯೆ ಸಿಗದ ಮಾತು ನನ್ನದು ಎಂದು ಗೊತ್ತಾಗುತ್ತದೆ, ನನ್ನದಾದರೆ ನನ್ನದೆಂದೇ ಬರೆಯುತ್ತೇನೆ. ನೀವೂ ಇದೊಂದನ್ನು ರೂಢಿ ಮಾಡಿಕೊಳ್ಳಿ. ಬೇಸರದ ಕೆಲಸ, ಆದರೆ ಉಪಯೋಗಕ್ಕೆ ಬರುತ್ತದೆ.

ಊರು, ಮಾತು, ಮಣ್ಣು ನಿಮಗೆ ಹೊಸದಾದದ್ದರಿಂದ ಅಲ್ಲಲ್ಲಿ ತಡವರಿಸಿದೆನೆಂದೂ ಬರೆದಿದ್ದೀರಿ. ಅದನ್ನು ಕುಂದೆಂದು ತಿಳಿಯಬೇಡಿ. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಯ ಮೇಲೆ ಗದ್ದೆಯನ್ನು ವಿಂಗಡಿಸುವ ಸೀಮೆಯ ಕಥೆ ಅದು. ಎರೆಹೊಲದಲ್ಲಿ ಹತ್ತಿ, ಮೆಣಸಿನಕಾಯಿ, ಗೋವಿನಜೋಳ ನೋಡಿ ಬೆಳೆದ ನಿಮಗೆ ‘ಗದ್ದೆ’ ಎಂದಾಗ ಕಣ್ಣಿಗೆ ಏನೂ ಕಟ್ಟದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. (ನಿಮ್ಮ ತರಗತಿಯಲ್ಲಿ ಹಾನಗಲ್ಲ ಕಡೆಯವರಿದ್ದರೆ ಅವರನ್ನು ಕೇಳಿ, ಭತ್ತದ ಗದ್ದೆಯ ಕೆಸರು ಅವರಿಗೆ ಗೊತ್ತು.) ಚೋಮನ ಮನೆಮಾತು ತುಳು, ನಾವು ಅವನನ್ನು ಕೇಳುತ್ತಿರುವುದು ಕಾರಂತರ ಕನ್ನಡದಲ್ಲಿ. ಅಂದಮೇಲೆ ಆ ಪುಸ್ತಕದ ಒಳಗೇ ಒಂದು ದೂರವಿದೆ, ಓದುವ ನಿಮಗೂ ಅವನಿಗೂ ನಡುವೆ ಇನ್ನೊಂದು. ಚೋಮ ನಂಬಿದ ದೈವ ಪಂಜುರ್ಲಿಯ ವಿಷಯದಲ್ಲಿ ನೀವು ಈ ದೂರವನ್ನು ಅವಸರದಿಂದ ದಾಟಿದ್ದೀರಿ. ಮತ ಬದಲಿಸಿದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮ ತನ್ನ ದೈವವನ್ನು ಬಿಡಲಾರದೆ ಹಿಂದಿರುಗುವುದನ್ನು “ಮೂಢನಂಬಿಕೆ” ಎಂದು ಒಂದೇ ಶಬ್ದದಲ್ಲಿ ಮುಗಿಸಿದ್ದೀರಿ. ಎತ್ತನ್ನು ಬಿಡದವನೂ ದೈವವನ್ನು ಬಿಡದವನೂ ಒಬ್ಬನೇ ಎಂಬುದನ್ನು ಗಮನಿಸಿದ್ದರೆ ಆ ಶಬ್ದ ನಿಮ್ಮ ಲೇಖನಿಯಿಂದ ಅಷ್ಟು ಸಲೀಸಾಗಿ ಇಳಿಯುತ್ತಿರಲಿಲ್ಲ.

ಚೋಮನ ಮಗ ನೀಲ ನೀರುಪಾಲಾಗುವುದನ್ನು, ದಡದಲ್ಲಿ ಜನರಿದ್ದೂ ಮುಟ್ಟಬಾರದ ಜಾತಿಯವನೆಂದು ಅವನನ್ನು ಯಾರೂ ಎತ್ತದಿರುವುದನ್ನು ನೀವು ಅರ್ಧ ಸಾಲಿನಲ್ಲಿ ಹೇಳಿದ್ದೀರಿ. ಅದನ್ನು ಬೆಳೆಸಬೇಡಿ. ಅಷ್ಟೇ ಇರಲಿ.

ಇನ್ನು ಆರನೆಯ ಹಾಳೆ. “ನಮಗೂ ಹೊಲ ಇಲ್ಲ, ಆದರೂ ನಮ್ಮ ಅಜ್ಜಿ ಪ್ರತಿವರ್ಷ ಮಣ್ಣೆತ್ತು ಮಾಡಿ ಪೂಜಿಸುತ್ತಾರೆ” ಎಂದು ಬರೆದು ಮುಂದಿನ ವಾಕ್ಯದಲ್ಲಿಯೇ “ಅದೇನೇ ಇರಲಿ” ಎಂದು ವಿಷಯಕ್ಕೆ ಮರಳಿದ್ದೀರಿ. ಇದಕ್ಕಿಂತ ದೊಡ್ಡ ವಿಷಯ ಆ ಎಂಟು ಹಾಳೆಗಳಲ್ಲಿ ಇರಲಿಲ್ಲ. ನಿನ್ನೆ ನಮ್ಮ ಧಾರವಾಡದ ಪೇಟೆಯಲ್ಲಿ ಬಣ್ಣ ಬಳಿದು ಕೋಡಿಗೆ ಮಿಂಚು ಅಂಟಿಸಿದ ಮಣ್ಣಿನ ಎತ್ತುಗಳನ್ನು ಜೊತೆಯ ಲೆಕ್ಕದಲ್ಲಿ ಮಾರುತ್ತಿದ್ದರು. ಕೊಂಡವರಲ್ಲಿ ಬಹಳ ಮಂದಿ ನನ್ನಂತೆ ಹೊಲ ಬಿಟ್ಟು ಬಂದು ಪೆನ್ಶನ್ ಎಣಿಸುವವರು. ನಮ್ಮ ಅವ್ವ ಹಳ್ಳದ ದಂಡೆಯಿಂದ ಎರೆಮಣ್ಣು ತರಿಸಿ ಎರಡು ದಿನ ನೆನೆಸಿ, ಬೆರಳಿನಿಂದಲೇ ಇಣಿ (ಭುಜದ ಡುಬ್ಬ) ತಿದ್ದಿ, ಮುಂದೆ ಮೇವು ಹಾಕುವ ಒಂದು ಪುಟ್ಟ ಗ್ವಾದಲಿ ಮಾಡಿ ಇಡುತ್ತಿದ್ದಳು. ನಮಗೆ ಆಗ ಎಂಟು ಕೂರಿಗೆ ಹೊಲವಿತ್ತು, ಕೊಟ್ಟಿಗೆಯಲ್ಲಿ ಜೀವದ ಎತ್ತುಗಳೂ ಇದ್ದವು. ಏನೂ ಇಲ್ಲದ ಮನೆಯಲ್ಲಿ ಒಬ್ಬ ಮುದುಕಿ ಅದೇ ಕೆಲಸವನ್ನು ಅಷ್ಟೇ ಮುತುವರ್ಜಿಯಿಂದ ಮಾಡುವುದನ್ನು ನಾನು ಕಂಡಿಲ್ಲ. ನೀವು ವರ್ಷವೂ ಕಾಣುತ್ತೀರಿ.

ಆದರೆ ಇಲ್ಲಿ ಎಚ್ಚರ ಬೇಕು. ನಿಮ್ಮ ಅಜ್ಜಿಯ ಮಣ್ಣೆತ್ತನ್ನೂ ಚೋಮನ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿಬಿಡುವ ಆಸೆ ಬರುತ್ತದೆ, ಓದುವವರಿಗೂ ಅದು ಹಿತವಾಗಿರುತ್ತದೆ. ನಿಮ್ಮ ಅಜ್ಜ ಹೊಲವನ್ನು ಮದುವೆಯ ಸಾಲಕ್ಕೆ ಮಾರಿದರು ಎಂದು ನೀವೇ ಬರೆದಿದ್ದೀರಿ. ಮಾರುವುದಕ್ಕೆ ಅವರ ಹೆಸರಿನಲ್ಲಿ ಹೊಲದ ಒಂದು ಉತಾರೆ, ಅಂದರೆ ದಾಖಲೆಪತ್ರ, ಇತ್ತು. ನಾಳೆ ನೀವು ದುಡಿದು ಹೊಲ ಕೊಂಡರೆ ಯಾವ ಊರಿನ ಕಟ್ಟಳೆಯೂ ಅಡ್ಡ ಬರುವುದಿಲ್ಲ. ಕಳೆದುಕೊಳ್ಳಲಿಕ್ಕೂ ಚೋಮನ ಬಳಿ ಭೂಮಿ ಇರಲಿಲ್ಲ, ಪಡೆಯಲಿಕ್ಕೂ ಅವನನ್ನು ಬಿಡಲಿಲ್ಲ. ಈ ವ್ಯತ್ಯಾಸವನ್ನು ನೀವು ಕಾಣದೆ ಬರೆದರೆ ಅವನ ದುಃಖವನ್ನು ಕಡ ತಂದು ನಿಮ್ಮ ಮನೆಗೆ ತೊಡಿಸಿದಂತಾಗುತ್ತದೆ. ಕಂಡು ಬರೆದರೆ, ಎತ್ತು ಮಾರಲಿಲ್ಲವೇಕೆ ಎಂಬ ಪ್ರಶ್ನೆ ನಿಮಗೆ ಏಕೆ ಹುಟ್ಟಿತು ಎಂಬುದೇ ಬರಹದ ನಡುವಿಗೆ ಬರುತ್ತದೆ. ಮಾರಲು ಏನಾದರೂ ಇದ್ದ ಮನೆಯವರು ಕೇಳುವ ಪ್ರಶ್ನೆ ಅದು.

ಆದ್ದರಿಂದ ಎಂಟು ಹಾಳೆಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಆರಂಭಿಸಿ. ಕಾರಂತರು ಹುಟ್ಟಿದ ಊರು, ಜ್ಞಾನಪೀಠ ಬಂದ ವರ್ಷ, ಇವೆಲ್ಲ ಬೇರೆ ಕಡೆ ಸಿಗುತ್ತವೆ, ಬಿಡಿ. ನಾಲ್ಕು ಹಾಳೆ ಸಾಕಾಗಬಹುದು. ತಮ್ಮ ಅಧ್ಯಾಪಕರು ಪ್ರಶ್ನೆಯನ್ನು “ಬಾಲಿಶ” ಎಂದುಕೊಂಡಾರೆಂಬ ಭಯದಿಂದ ಗೆರೆ ಎಳೆದೆನೆಂದು ಲಕೋಟೆಯೊಳಗಿನ ಚೀಟಿಯಲ್ಲಿ ತಿಳಿಸಿದ್ದೀರಿ. ಒಮ್ಮೆ ತರಗತಿಯಲ್ಲಿ ಎದ್ದು ನಿಂತು ಕೇಳಿಬಿಡಿ. ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಉತ್ತರ ಕೊಡುವ ಸಂಭವವಿದೆ, ಆ ಉತ್ತರವನ್ನು ಅವರು ಆಡಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ನಿಮ್ಮ ಹಾಳೆಗಳನ್ನು ಇದರೊಂದಿಗೆ ಮರಳಿ ಕಳಿಸಿದ್ದೇನೆ. ಪೆನ್ಸಿಲಿನ ಸಾಲಿನ ಮೇಲಿದ್ದ ಅಡ್ಡಗೆರೆಯನ್ನು ಮಾತ್ರ ರಬ್ಬರಿನಿಂದ ಅಳಿಸಿದ್ದೇನೆ, ಕ್ಷಮಿಸಿ. ಹೊಸ ಪ್ರತಿ ಕಳಿಸುವಾಗ ಒಂದನ್ನು ಮರೆಯದೆ ತಿಳಿಸಿ: ನಮ್ಮ ಅವ್ವ ಮಣ್ಣೆತ್ತಿನ ಕಣ್ಣಿಗೆ ಗುಲಗಂಜಿ ಇಡುತ್ತಿದ್ದಳು, ನಿಮ್ಮ ಅಜ್ಜಿ ಏನು ಇಡುತ್ತಾರೆ?

ಇತಿ,
ನಿಮ್ಮ ಹಿತೈಷಿ