ಈ ವಾರದ ಅಭ್ಯಾಸ: ನಾಲಿಗೆ, ತುಟಿ, ಉಸಿರು

ಎಲ್ಲರಿಗೂ ನಮಸ್ಕಾರ. ಈ ವಾರ ಹೊಸ ಇಂಗ್ಲಿಷ್ ಪದಗಳು ಬೇಡ, ಬಾಯಿಗೆ ಮಾತ್ರ ಕೆಲಸ ಕೊಡೋಣ.

ಬನಿಯನ್ ಅನ್ನುವ ಅರ್ಥದ ‘ವೆಸ್ಟ್’, ಪಶ್ಚಿಮ ಅನ್ನುವ ಅರ್ಥದ ‘ವೆಸ್ಟ್’ ಕನ್ನಡದಲ್ಲಿ ಬರೆದರೆ ಒಂದೇ. ಹೇಳುವಾಗ ಬೇರೆ ಬೇರೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ತುಟಿ ಸಣ್ಣಗೆ ನಡುಗಬೇಕು. ಎರಡನೆಯದಕ್ಕೆ ಹಲ್ಲು ತಾಗಲೇಬಾರದು. ಸಿಳ್ಳೆ ಹೊಡೆಯುವ ಹಾಗೆ ತುಟಿ ಗುಂಡಗೆ ಮಾಡಿ, ತಕ್ಷಣ ಬಿಡಿ. ಕನ್ನಡಿ ಮುಂದೆ ನಿಂತು ಎರಡನ್ನೂ ನಿಧಾನವಾಗಿ, ಒಂದಾದ ಮೇಲೊಂದು ಹೇಳಿ. ನಮ್ಮಲ್ಲಿ ಹೆಚ್ಚಿನವರಿಗೆ ಕಷ್ಟವಾಗುವುದು ಇದೇ. ಹಾಗಾಗಿ ಜಾಸ್ತಿ ಹೊತ್ತು ಇದಕ್ಕೇ ಕೊಡಿ.

‘ಥ್ಯಾಂಕ್ಸ್’ ಹೇಳುವಾಗ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆತ್ತಗೆ ಇಟ್ಟು ಗಾಳಿ ಬಿಡಿ. ನಮ್ಮ ‘ಥ’ದಲ್ಲಿ ಗಾಳಿ ಒಮ್ಮೆ ತಡೆದು ಹೊರಬರುತ್ತದೆ. ಇಲ್ಲಿ ತಡೆಯಬಾರದು.

‘ಪೆನ್’ಗೆ ಬಾಯಿ ಮುಂದೆ ಕಾಗದದ ಚೂರು ಹಿಡಿಯಿರಿ. ಅದು ಅಲುಗಿದರೆ ಉಸಿರು ಸರಿ ಇದೆ.

ಸುಮ್ನೆ ಕೆನ್ನೆ ಉಬ್ಬಿಸುವುದು, ನಾಲಿಗೆ ಚಾಚುವುದು ಇವುಗಳಿಂದ ಉಚ್ಚಾರಣೆ ತಿದ್ದುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಶಬ್ದ ಹೊರಡಿಸುತ್ತಲೇ ಅಭ್ಯಾಸ ಮಾಡಿ. ದವಡೆ ನೋವು ಬಂದರೆ ನಿಲ್ಲಿಸಿ. ಮಾತಿನಲ್ಲಿ ಕನ್ನಡದ ಧಾಟಿ ಇದ್ದರೆ ಇರಲಿ, ಕೇಳುವವರಿಗೆ ಪದ ಸ್ಪಷ್ಟವಾಗಿ ತಿಳಿದರೆ ಸಾಕು ಅಲ್ವಾ?

ಭಾನುವಾರ ಸಂಜೆಯೊಳಗೆ ಎರಡೂ ‘ವೆಸ್ಟ್’ ಹೇಳಿ ಧ್ವನಿ ಸಂದೇಶ ಹಾಕಿ. ಗುಂಪಿನಲ್ಲಿ ಹಾಕಲು ಸಂಕೋಚವಾದರೆ ನನಗೊಬ್ಬಳಿಗೇ ಕಳಿಸಿ. ಎಲ್ಲವನ್ನೂ ಕೇಳಿ ಉತ್ತರ ಕೊಡುತ್ತೇನೆ.