ಮೊಮ್ಮಕ್ಕಳ ಕೈಗೆ ಏರ್‌ಗನ್ ಕೊಡುವ ಮುನ್ನ ಮನೆ ಹಿಂದಿನ ದರೆ ನೋಡಿ

ಮಾನ್ಯರೇ,

ಬೇಸಿಗೆ ರಜೆ ಬಂದರೆ ಮೂಡಿಗೆರೆ, ಸಕಲೇಶಪುರ, ಆಲೂರು, ಕೊಪ್ಪ ಕಡೆಯ ತೋಟದ ಮನೆಗಳು ಮೊಮ್ಮಕ್ಕಳಿಂದ ತುಂಬುತ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳು ‘ಅಜ್ಜ, ನಮಗೂ ಹೊಡೆಯೋದು ಕಲಿಸು’ ಎಂದು ದುಂಬಾಲು ಬಿದ್ದರೆ ಆಶ್ಚರ್ಯವಿಲ್ಲ. ಖಂಡಿತ ಕಲಿಸಿ. ಅರ್ಧ ಗಂಟೆ ಮೊಬೈಲ್ ಮರೆತು, ಉಸಿರು ಹಿಡಿದು ಒಂದು ಚುಕ್ಕೆಯನ್ನೇ ನೋಡುವುದು ಮಕ್ಕಳಿಗೆ ಸಿಗುವ ಅಪರೂಪದ ಪಾಠ. ಆದರೆ ಯಾವ ಏರ್‌ಗನ್ ತರಲಿ ಎಂದು ಕೇಳುವ ಹಿರಿಯರಲ್ಲಿ ಹೆಚ್ಚಿನವರು ಗುರಿಯ ಹಿಂದೆ ಏನಿದೆ ಎಂದು ಯೋಚಿಸುವುದಿಲ್ಲ. ಅನಾಹುತ ಆಗುವುದೇ ಅಲ್ಲಿ.

ಮೊದಲಿಗೆ, ತೋಟದ ಕೋವಿಯನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು ಅದನ್ನು ಪಡೆದವರಿಗೆ ಮಾತ್ರ. 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಶಸ್ತ್ರಾಸ್ತ್ರ ಕಾಯ್ದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಹಾಸನಕ್ಕೂ ಇಲ್ಲ, ಚಿಕ್ಕಮಗಳೂರಿಗೂ ಇಲ್ಲ. ಕಾನೂನು ಹಾಗಿರಲಿ, ಹನ್ನೆರಡು ಬೋರಿನ ತೋಟಾ ಕೋವಿಯ ಒದೆತ ಹತ್ತು ವರ್ಷದ ಭುಜ ತಡೆಯುವಂಥದ್ದಲ್ಲ. ಒಮ್ಮೆ ಹೆದರಿದ ಮಗು ಆಮೇಲೆ ಟ್ರಿಗರ್ ಒತ್ತುವಾಗೆಲ್ಲ ಕಣ್ಣು ಮುಚ್ಚುತ್ತದೆ. ಆ ಚಾಳಿ ಬಿಡಿಸಲು ತಿಂಗಳುಗಳೇ ಬೇಕು.

ಮಕ್ಕಳಿಗೆ ತಕ್ಕದ್ದು 4.5 ಮಿಲಿಮೀಟರ್ ಒಳವ್ಯಾಸದ ನಳಿಗೆಯ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆ ಮೀರದ, 20 ಜೂಲ್ ಶಕ್ತಿ ದಾಟದ ಏರ್‌ಗನ್ನಿಗೆ ಲೈಸೆನ್ಸು ಬೇಡ. 5.5 ಮಿ.ಮೀ.ನದಕ್ಕೆ ಬೇಕು. ಅಂಗಡಿಯಲ್ಲಿ ‘ಇದು ಇನ್ನೂ ಪವರ್‌ಫುಲ್’ ಎಂದರೆ ಬೇಡ ಎನ್ನಿ. ಅರ್ಧ ಗ್ರಾಂ ತೂಗುವ ಪೆಲೆಟ್ (ಏರ್‌ಗನ್ನಿನ ಸೀಸದ ಗುಂಡು) ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಕಾಗದದ ಗುರಿಗೆ ಅಷ್ಟು ಧಾರಾಳ ಸಾಕು. ಕಣ್ಣು ತೆಗೆಯಲಿಕ್ಕೂ ಅಷ್ಟೇ ಸಾಕು ಎಂಬುದನ್ನು ಮರೆಯಬಾರದು. ನಳಿಗೆ ಮೇಲೆದ್ದರೆ ಅದೇ ಪೆಲೆಟ್ ನೂರಾರು ಮೀಟರ್ ದೂರ ಹೋಗಬಲ್ಲದು.

ಆದ್ದರಿಂದ ಜಾಗದ ಮಾತು. ಕಾಫಿ ಸಾಲಿನ ಕಡೆಗೆ ಎಂದಿಗೂ ಗುರಿ ಇಡಬಾರದು. ಗಿಡದ ಬುಡದಲ್ಲಿ ಬಗ್ಗಿ ಕಳೆ ತೆಗೆಯುತ್ತಿರುವವರು ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಏಪ್ರಿಲ್-ಮೇ ಎಂದರೆ ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕಾಲವೂ ಹೌದು. ಮರದ ಮೇಲೆ ಒಬ್ಬರು, ಕೆಳಗೆ ಕೊಂಬೆ ಎಳೆಯುವವರು ಇಬ್ಬರು, ಎಲ್ಲರೂ ಹಸಿರಿನ ಮರೆಯಲ್ಲಿ. ಕಾಫಿ ಕಣದ ಆಚೆ ಬಯಲು ಕಾಣುತ್ತದೆಂದು ಅತ್ತ ತಿರುಗಿಸಿದರೆ ಅದರಾಚೆ ಕೂಲಿಕಾರರ ಲೈನ್‌ಮನೆ ಇರುತ್ತದೆ. ಬೇಲಿ, ತಗಡು, ಸಿಲ್ವರ್ ಮರದ ಬೊಡ್ಡೆ ಯಾವುದೂ ತಡೆಯಲ್ಲ. ಗಟ್ಟಿ ಬೊಡ್ಡೆಗೆ ಬಡಿದ ಪೆಲೆಟ್ ಯಾವ ಕಡೆ ಚಿಮ್ಮೀತೆಂದು ಹೇಳುವವರಿಲ್ಲ. ಖಾಲಿ ಡಬ್ಬಿ, ಬಾಟಲಿ ನೇತುಹಾಕಿ ಹೊಡೆಯುವ ಆಟವೂ ಬೇಡ. ಉಕ್ಕಿನ ದುಂಡು ಬಿ.ಬಿ. ಗುಂಡು ಗಟ್ಟಿ ಮೇಲ್ಮೈಯಿಂದ ಹೊಡೆದವರ ಕಡೆಗೇ ಹಿಂದಿರುಗುತ್ತದೆ. ಅದನ್ನು ಮನೆಗೇ ತರಬೇಡಿ.

ಮಲೆನಾಡಿನ ಮನೆಗಳಿಗೆ ಒಂದು ಅನುಕೂಲವಿದೆ. ಗುಡ್ಡ ಕಡಿದು ಮನೆ ಕಟ್ಟಿದ ಕಡೆಯೆಲ್ಲ ಹಿತ್ತಲಲ್ಲಿ ದರೆ, ಅಂದರೆ ಕಡಿದ ಗುಡ್ಡದ ಕಡಿದಾದ ಮಣ್ಣಿನ ಗೋಡೆ ಇರುತ್ತದೆ. ಮೂರು ಮೀಟರಿಗೆ ಕಡಿಮೆಯಿಲ್ಲದ, ಮೇಲೆ ಕಾಲುದಾರಿಯಿಲ್ಲದ ಮಣ್ಣಿನ ದರೆಯಷ್ಟು ಒಳ್ಳೆಯ ತಡೆ ದುಡ್ಡು ಕೊಟ್ಟರೂ ಸಿಗದು. ಆದರೆ ಬರೀ ದರೆ ಸಾಲದು, ಜಂಬಿಟ್ಟಿಗೆ ಕಲ್ಲು ತಲೆ ಹಾಕಿರುವ ದರೆಯಿಂದ ಪೆಲೆಟ್ ಚಿಮ್ಮುತ್ತದೆ. ಅದರ ಮುಂದೆ ಜರಡಿ ಹಿಡಿದ, ಜಲ್ಲಿಯಿಲ್ಲದ ಮರಳು ತುಂಬಿದ ಗೋಣಿಚೀಲಗಳನ್ನು ಎರಡು ಸಾಲು ಪೇರಿಸಿ. ಚೀಲಗಳ ಮುಂದೆ ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಅರ್ಧ ಅಡಿ ಆಳದ ಮರದ ಪೆಟ್ಟಿಗೆ ಇಟ್ಟು, ಹಳೆ ಹತ್ತಿಬಟ್ಟೆಯನ್ನು ಒತ್ತಿ ಒತ್ತಿ ತುಂಬಿ, ಮುಂಬಾಯಿಗೆ ರಟ್ಟು ಹೊಡೆದು ಅದರ ಮೇಲೆ ಗುರಿಕಾಗದ ಅಂಟಿಸಿ. ಬಟ್ಟೆ ಸಡಿಲವಾದರೆ ಪೆಲೆಟ್ ಹಿಂಬದಿಯ ಹಲಗೆಗೆ ಬಡಿದು ಟಕ್ ಎನ್ನುತ್ತದೆ. ಆ ಸದ್ದು ಕೇಳಿದರೆ ನಿಲ್ಲಿಸಿ, ಮತ್ತೆ ತುಂಬಿ. ಪೆಲೆಟ್ ಸೀಸದ್ದು, ಬಾವಿಯ ಹತ್ತಿರವೋ ಕೋಳಿ ಮೇಯುವಲ್ಲೋ ಪೆಟ್ಟಿಗೆ ಇಡಬೇಡಿ. ಮಕ್ಕಳು ಪೆಲೆಟ್ ಬಾಯಲ್ಲಿ ಕಚ್ಚಿಕೊಳ್ಳದಂತೆ ನೋಡಿ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಮುಟ್ಟಕೂಡದು.

ಏರ್‌ಗನ್ ಬಗ್ಗೆ ಒಂದೆರಡು ವಿಷಯ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಬಗೆ. ಎಂಟು-ಹತ್ತು ವರ್ಷದವರಿಗೆ ಅದನ್ನು ಮಡಚುವ ಬಲವಿರುವುದಿಲ್ಲ, ದೊಡ್ಡವರೇ ಮಡಚಬೇಕು. ಮಡಚಿದ ನಳಿಗೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಪೆಲೆಟ್ ಹಾಕಬೇಕು. ಹಿಡಿಯದಿದ್ದು, ಟ್ರಿಗರ್‌ಗೆ ಏನಾದರೂ ತಗುಲಿದರೆ ನಳಿಗೆ ಕತ್ತಿಯಂತೆ ಮೇಲೆರಗಿ ಬೆರಳನ್ನು ಜಜ್ಜುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು, ಪಿಸ್ಟನ್ನಿನ ಸೀಲು ಹಾಳಾಗುತ್ತದೆ. ಎಳೆದ ಸ್ಪ್ರಿಂಗನ್ನು ಹಾಗೇ ಬಿಟ್ಟು ಕಾಫಿ ಕುಡಿಯಲು ಏಳಬಾರದು. ಹೊಡೆಯುವುದು ಬೇಡವೆನಿಸಿದರೂ ಪೆಟ್ಟಿಗೆಗೇ ಹೊಡೆದು ಖಾಲಿ ಮಾಡಿ. ಹೊಡೆದಾಗ ಕಾಗದದಲ್ಲಿ ತೂತು ಕಾಣದೆ ಸದ್ದು ಮಂಕಾಗಿದ್ದರೆ ಪೆಲೆಟ್ ನಳಿಗೆಯಲ್ಲೇ ಸಿಕ್ಕಿದೆ ಎಂದು ತಿಳಿಯಿರಿ. ಹಿಂದಿನಿಂದ ಇನ್ನೊಂದು ಹಾಕಿ ತಳ್ಳಲು ಹೋಗದೆ, ಸ್ಪ್ರಿಂಗ್ ಎಳೆದಿಲ್ಲವೆಂದು ಖಾತ್ರಿ ಮಾಡಿಕೊಂಡು ಕಡ್ಡಿಯಿಂದ ನೂಕಿ ತೆಗೆಯಿರಿ. ಮಳೆಗಾಲದ ಥಂಡಿಗೆ ತುಕ್ಕು ಹಿಡಿಯದಂತೆ ಹೊರಮೈಗೆ ತೆಳುವಾಗಿ ಎಣ್ಣೆ ಒರೆಸಿದರೆ ಸಾಕು. ಗಾಳಿ ಒತ್ತುವ ಕೊಳವೆಯೊಳಗೆ ಎಣ್ಣೆ ಇಳಿದರೆ ಅದು ಹೊತ್ತಿಕೊಂಡು ಢಂ ಎನ್ನುತ್ತದೆ, ಹೊಗೆ ಬರುತ್ತದೆ, ಪೆಲೆಟ್ ಹತೋಟಿ ಮೀರಿದ ವೇಗದಲ್ಲಿ ಹೋಗುತ್ತದೆ.

ಪೆಲೆಟ್ ಚಪ್ಪಟೆ ತಲೆಯದಿರಲಿ, ಕಾಗದದಲ್ಲಿ ಗುಂಡಗೆ ಶುಚಿಯಾದ ತೂತು ಬೀಳುತ್ತದೆ.

ಮಗುವನ್ನು ನಿಲ್ಲಿಸಿ ಹೊಡೆಸಬೇಡಿ. ಮೂರು ಕೆ.ಜಿ. ರೈಫಲ್ ಎತ್ತಿ ನಿಂತರೆ ಬೆನ್ನು ಹಿಂದಕ್ಕೆ ಬಾಗಿ ಎರಡೇ ನಿಮಿಷಕ್ಕೆ ಕೈ ನಡುಗುತ್ತದೆ. ಮೇಜಿನ ಮುಂದೆ ಕೂರಿಸಿ, ಉಮಿಯೋ ಮರಳೋ ತುಂಬಿದ ಚಿಕ್ಕ ಚೀಲದ ಮೇಲೆ ಮಗುವಿನ ಎಡಗೈ, ಆ ಅಂಗೈ ಮೇಲೆ ರೈಫಲ್. ಬಿಗಿ ಹಿಡಿತ ಬೇಡ. ಸ್ಪ್ರಿಂಗ್ ಬಿಟ್ಟಾಗ ರೈಫಲ್ ಹಿಂದೆ ಮುಂದೆ ಜಗ್ಗುತ್ತದೆ, ಪ್ರತಿ ಸಲವೂ ಒಂದೇ ರೀತಿ ಜಗ್ಗಲು ಬಿಟ್ಟರೆ ತೂತುಗಳು ಒಂದೆಡೆ ಸೇರುತ್ತವೆ. ಯಾವ ಕಣ್ಣು ಬಲವಾದದ್ದೆಂದು ಮೊದಲೇ ನೋಡಿ: ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಎರಡೂ ಕಣ್ಣು ತೆರೆದು ಅದರಲ್ಲಿ ದೂರದ ವಸ್ತುವೊಂದನ್ನು ಕಾಣಿಸಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಆ ಕಡೆಯ ಭುಜಕ್ಕೆ ರೈಫಲ್. ಬಲಗೈ ರೂಢಿಯ ಮಗುವಿಗೆ ಎಡಗಣ್ಣು ಬಲವಾಗಿದ್ದರೆ, ‘ಎಷ್ಟು ಹೇಳಿದರೂ ಪಕ್ಕಕ್ಕೆ ಹೊಡೀತಾನೆ’ ಎಂದು ಬೈಯುವುದರಿಂದ ಏನೂ ಸರಿಹೋಗದು.

ಮೊದಲು 7 ಮೀಟರ್ ದೂರ, ಕೈ ಕುದುರಿದ ಮೇಲೆ 10. ಏರ್ ರೈಫಲ್ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಸಾಸಿವೆ ಕಾಳಿಗಿಂತ ಚಿಕ್ಕದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದಕ್ಕೆ ಗುರಿಯಿಟ್ಟು. ಮಕ್ಕಳಿಗೆ ಏರ್ ಪಿಸ್ತೂಲಿನ ಕಾಗದ ಕೊಡಿ, ಅದರ ಹತ್ತು ಅಂಕದ ವೃತ್ತ 11.5 ಮಿ.ಮೀ. ಇರುತ್ತದೆ. ನಳಿಗೆ ತುದಿಯ ಮೊನೆ ಸ್ಪಷ್ಟವಾಗಿ ಕಾಣಬೇಕು, ಗುರಿ ಸ್ವಲ್ಪ ಮಸುಕಾದರೆ ಪರವಾಗಿಲ್ಲ. ಅರ್ಧ ಉಸಿರು ಬಿಟ್ಟು ಹಿಡಿದು, ಬೆರಳ ತುದಿಯ ಮೆತ್ತೆಯಿಂದ ಟ್ರಿಗರ್ ನಿಧಾನಕ್ಕೆ ಒತ್ತುವುದು. ಎಂಟು ಸೆಕೆಂಡಿನೊಳಗೆ ಆಗದಿದ್ದರೆ ಬೆರಳು ತೆಗೆದು ಮತ್ತೆ ಉಸಿರೆಳೆದುಕೊಳ್ಳಲಿ. ಹೊಡೆದ ಕೂಡಲೇ ತಲೆ ಎತ್ತಿ ನೋಡುವ ಆತುರವನ್ನು ಮೊದಲ ದಿನವೇ ತಿದ್ದಿ. ಅಂಕ ಎಣಿಸಬೇಡಿ, ಐದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ತೋರಿಸಿ. ದಿನಕ್ಕೆ ಹದಿನೈದು ಪೆಲೆಟ್ ಸಾಕು. ‘ಇನ್ನೊಂದೇ ಒಂದು’ ಎನ್ನುವಾಗಲೇ ನಿಲ್ಲಿಸಿದರೆ ನಾಳೆ ಉತ್ಸಾಹದಿಂದ ಬರುತ್ತಾರೆ.

ಒಂದು ಸಲಕ್ಕೆ ಒಂದೇ ಮಗು. ಉಳಿದವರು ಮೂರು ಮೀಟರ್ ಹಿಂದೆ ಕುಳಿತಿರಲಿ. ಅಜ್ಜನೂ ಸೇರಿ ಎಲ್ಲರ ಕಣ್ಣಿಗೂ ಪಾಲಿಕಾರ್ಬೊನೇಟ್ ಸುರಕ್ಷಾ ಕನ್ನಡಕ ಇರಲಿ, ಓದುವ ಕನ್ನಡಕ ಅದರ ಬದಲಿಯಲ್ಲ. ‘ತುಂಬು’, ‘ಹೊಡಿ’, ‘ನಿಲ್ಲು’ ಮೂರೇ ಮಾತು. ಮೊದಲೆರಡನ್ನು ಹೇಳುವವರು ಕಲಿಸುವವರು ಮಾತ್ರ. ‘ನಿಲ್ಲು’ ಎಂದು ಯಾರು ಬೇಕಾದರೂ ಕೂಗಬಹುದು, ನಾಯಿ ಅಡ್ಡ ಬಂದರೂ ಸರಿ. ಕೂಗಿದೊಡನೆ ಬೆರಳು ಹೊರಕ್ಕೆ, ನಳಿಗೆ ಪೆಟ್ಟಿಗೆಯ ಕಡೆಗೇ. ರೈಫಲ್ ಖಾಲಿಯೆಂದು ಗೊತ್ತಿದ್ದರೂ ಅದರ ಮೂತಿ ಯಾರತ್ತಲೂ ತಿರುಗಕೂಡದು. ‘ನಿಲ್ಲು’ ಎಂದರೆ ನಿಲ್ಲದ ಮಗುವಿಗೆ ಹನ್ನೆರಡಾಗಿದ್ದರೂ ಇನ್ನೂ ವಯಸ್ಸಾಗಿಲ್ಲ.

ಹಕ್ಕಿಯ ಮೇಲೆ, ಅಳಿಲಿನ ಮೇಲೆ, ಬೀದಿನಾಯಿಯ ಮೇಲೆ ಒಂದೇ ಒಂದು ಪೆಲೆಟ್ಟೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಏರ್‌ಗನ್ನಿನ ಬೇಟೆಯೂ ಬೇಟೆಯೇ. ಅದಕ್ಕಿಂತ ಮುಖ್ಯವಾಗಿ, ಪಿಕಳಾರ ಹಕ್ಕಿಗೆ ಹೊಡೆಯುವ ಅಜ್ಜನನ್ನು ಕಂಡ ಮಗು ಕಾಗದದ ಬಗ್ಗೆ ಹೇಳಿದ ಯಾವ ಮಾತನ್ನೂ ನಂಬುವುದಿಲ್ಲ. ಏರ್‌ಗನ್ ಬೀರುವಿನೊಳಗೆ, ಪೆಲೆಟ್ ಡಬ್ಬಿ ಬೇರೆ ಕಡೆ, ಎರಡಕ್ಕೂ ಬೀಗ. ಅಟ್ಟದ ಮೇಲೆ, ಬಾಗಿಲ ಹಿಂದೆ ಬಚ್ಚಿಟ್ಟದ್ದನ್ನು ಮಕ್ಕಳು ಮಧ್ಯಾಹ್ನ ನಾವು ಮಲಗಿದಾಗ ಹುಡುಕಿ ತೆಗೆಯುತ್ತಾರೆ.

ಹೈಸ್ಕೂಲಿನ ಮಕ್ಕಳಿಗೆ ಎನ್‌ಸಿಸಿಯಲ್ಲಿ .22 ರೈಫಲ್ ತರಬೇತಿಯ ದಾರಿಯಿದೆ. ಅದಕ್ಕಿಂತ ಚಿಕ್ಕವರಿಗಾಗಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ರಜೆಯ ಎರಡು ತಿಂಗಳಾದರೂ ತಾಲ್ಲೂಕು ಕ್ರೀಡಾಂಗಣಗಳಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಜಾಗ ಮಾಡಿಕೊಡಬೇಕೆಂದು ಕೋರುತ್ತೇವೆ. ಹದಿನೈದು ಮೀಟರ್ ಉದ್ದದ, ಗುರಿಯ ಕಡೆ ಕಿಟಕಿ ಬಾಗಿಲಿಲ್ಲದ ಒಂದು ಕೊಠಡಿ, ನಾಲ್ಕು ಮೇಜು, ನಾಲ್ಕು ಪೆಲೆಟ್ ಪೆಟ್ಟಿಗೆ, ಜೊತೆಗೆ ತರಬೇತಿ ಪಡೆದ ಒಬ್ಬರು. ಹಿತ್ತಲಲ್ಲಿ ದರೆಯಿಲ್ಲದ ಪೇಟೆ ಮನೆಯ ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಬರಬಹುದು.

ಇತಿ,
ಕೆಲವು ಹಿರಿಯ ಓದುಗರು,
ಮೂಡಿಗೆರೆ